ದೊಡ್ಡ ಶುಕ್ರವಾರದ ವಾಲಗ

ನಾನು ಲಂಗ ಎತ್ತಿ ಕಟ್ಟಿಕೊಂಡು ಕುಂಟೆಬಿಲ್ಲೆ ಆಡುತ್ತಿದ್ದ ಆ ದಿನಗಳಲ್ಲಿ ನಮ್ಮ ಹಲಸೂರಿನಲ್ಲಿ ಸಕ್ಕರೆಗೆ ಬರವಿತ್ತು, ಸೀಮೆಎಣ್ಣೆಗೆ ಬರವಿತ್ತು, ರಜೆಗಳಿಗೆ ಮಾತ್ರ ಬರವಿರಲಿಲ್ಲ. ಯುಗಾದಿಗೆ ರಜೆ, ರಂಜಾನಿಗೆ ರಜೆ, ದೊರೆಗಳ ಹಬ್ಬ ಬಂದರಂತೂ ದಂಡಿನ ಕಚೇರಿಗಳೆಲ್ಲ ಬಾಗಿಲು ಹಾಕಿಕೊಂಡು ಕೂತುಬಿಡುತ್ತಿದ್ದವು. ಕಂಟೋನ್ಮೆಂಟನ್ನು ನಾವು ದಂಡು ಎಂದೇ ಕರೆಯುತ್ತಿದ್ದುದು. ನಮ್ಮಪ್ಪ ಅಲ್ಲಿನ ಒಂದು ಸಾಮಾನು ಗೋದಾಮಿನಲ್ಲಿ ಗುಮಾಸ್ತರಾಗಿದ್ದರು. ಇಂಗ್ಲಿಷರು ತೊಲಗಬೇಕು ಎಂದು ಅವರಿಗೂ ಆಸೆಯೇ. ಆದರೆ ಹೋಗುವಾಗ ತಮ್ಮ ರಜೆಗಳನ್ನು ಇಲ್ಲೇ ಬಿಟ್ಟುಹೋಗಲಿ ಎನ್ನುತ್ತಿದ್ದರು. “ದೇವರು ಯಾರದಾದ್ರೇನು, ರಜಾ ನಮ್ಮದು” ಎನ್ನುವುದು ಅವರೇ ಕಟ್ಟಿಕೊಂಡ ಗಾದೆ.

ಆ ಗಾದೆಯ ಪ್ರಕಾರ ಕ್ರಿಸ್ಮಸ್ ದಿನ ಅಪ್ಪ ಸೈಕಲ್ ಬಿಚ್ಚಿ ಎಣ್ಣೆ ಬಿಡುತ್ತಿದ್ದರು. ಗುಡ್ ಫ್ರೈಡೆ ಬರುವುದು ಉರಿ ಬೇಸಿಗೆಯಲ್ಲಾದ್ದರಿಂದ ಅದು ನಮ್ಮ ಮನೆಯಲ್ಲಿ ತಿಗಣೆ ಹಬ್ಬ. ಮಂಚಗಳನ್ನು ಹಿತ್ತಿಲಿಗೆ ಎಳೆದು, ಸಂದುಗೊಂದುಗಳಿಗೆ ಕುದಿಯುವ ನೀರು ಸುರಿದು, ಬೇವಿನ ಸೊಪ್ಪಿನ ಹೊಗೆ ಹಾಕುತ್ತಿದ್ದರು. ಆ ಹೊಗೆಯ ಕಹಿ ವಾಸನೆ, ಕಲ್ಲುಪ್ಪು ಮೆಣಸಿನಪುಡಿಯಲ್ಲಿ ಅದ್ದಿದ ಮಾವಿನಕಾಯಿಯ ಹುಳಿ, ಸಂಜೆ ಕೆರೆಯ ಏರಿಯ ಮೇಲಿನ ಗಾಳಿ, ಇವಿಷ್ಟೂ ಸೇರಿ ನನಗೆ ಗುಡ್ ಫ್ರೈಡೆ. ಅದು ಇನ್ನೊಬ್ಬರ ದೇವರು ಸತ್ತ ದಿನ ಎಂದು ನಮಗೆಲ್ಲ ಗೊತ್ತಿತ್ತು. ಅದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದವಳು ಮಾತ್ರ ನಮ್ಮಜ್ಜಿ ಒಬ್ಬಳೇ.

ಅಜ್ಜಿ ಎಂದರೆ ಅಪ್ಪನ ತಾಯಿ. ದೊಮ್ಮಲೂರಿನ ಹೊಲದಲ್ಲಿ ಸೊಪ್ಪು ತರಕಾರಿ ಬೆಳೆದು ತಲೆಯ ಮೇಲೆ ಹೊತ್ತು ದಂಡಿಗೆ ತಂದು ಮಾರಿದವಳು. ಓದು ಬರಹ ಇಲ್ಲ, ಬಾಯಿ ಮಾತ್ರ ಊರಿಗೆಲ್ಲ ಸಾಕಾಗುವಷ್ಟು. ನಾವಿದ್ದುದು ನಾಲ್ಕು ಮನೆಗಳ ಒಂದು ನಾಡಹೆಂಚಿನ ವಠಾರ. ಮನೆ ಮನೆಗಳ ನಡುವಿನ ಗೋಡೆ ಮಾಡಿನ ತನಕ ಏರದೆ ಎರಡು ಮೊಳ ಕೆಳಗೇ ನಿಂತುಬಿಟ್ಟಿತ್ತು. ಹಾಗಾಗಿ ಪಕ್ಕದ ಮನೆಯವರು ಮೆಣಸಿನಕಾಯಿ ಹುರಿದರೆ ನಾವು ಸೀನುತ್ತಿದ್ದೆವು. ನಮ್ಮ ಮನೆಯಲ್ಲಿ ಜಗಳವಾದರೆ ಅವರು ರಾಜಿ ಮಾಡಲು ಬರುತ್ತಿದ್ದರು.

ಆ ಪಕ್ಕದ ಮನೆ ಆರೋಗ್ಯಮ್ಮನದು. ತಮಿಳು ಮಾತಾಡುವ ಕಿರಿಸ್ತಾನರು. ಗಂಡ ಅಂತೋಣಿ ದೊರೆಯೊಬ್ಬನ ಬಂಗಲೆಯಲ್ಲಿ ತೋಟದ ಮಾಲಿ. ಮಗಳು ಫಿಲೋಮಿನ ನನ್ನ ವಾರಿಗೆಯವಳು, ನನ್ನ ಕುಂಟೆಬಿಲ್ಲೆ ಜೊತೆಗಾತಿ. ಗುಡ್ ಫ್ರೈಡೆಯನ್ನು ಅವರು ‘ಪೆರಿಯ ವೆಳ್ಳಿ’ ಎನ್ನುತ್ತಿದ್ದರು. ಅದನ್ನೇ ಅಜ್ಜಿ ‘ದೊಡ್ಡ ಶುಕ್ರವಾರ’ ಮಾಡಿಕೊಂಡಿದ್ದಳು.

ಆ ವಠಾರಕ್ಕೆ ನಾವು ಬಂದ ಮೊದಲ ವರ್ಷದ ಕಥೆ ಇದು. ಒಂದು ಶುಕ್ರವಾರ ಬೆಳಿಗ್ಗೆ ಅಜ್ಜಿ ನೋಡುತ್ತಾಳೆ, ಪಕ್ಕದ ಮನೆಯ ಬಾಗಿಲಿಗೆ ನೀರಿಲ್ಲ, ಒಲೆಯಿಂದ ಹೊಗೆಯಿಲ್ಲ. ಆರೋಗ್ಯಮ್ಮ ತಲೆ ಬಾಚದೆ, ಬಿಳಿ ಸೀರೆ ಸುತ್ತಿಕೊಂಡು, ಗೋಡೆಯ ಮೇಲಿನ ದೇವರ ಪಟಕ್ಕೆ ನೇರಳೆ ಬಟ್ಟೆ ಮುಚ್ಚುತ್ತಿದ್ದಾಳೆ, ಕಣ್ಣು ಕೆಂಪಗಿದೆ. ಯಾರೋ ಸತ್ತಿದ್ದಾರೆ ಎಂದುಕೊಂಡಳು ಅಜ್ಜಿ. ಹಿತ್ತಿಲಲ್ಲಿ ಸುಮ್ಮನೆ ಕೂತಿದ್ದ ಫಿಲೋಮಿನಳನ್ನು ಮೆತ್ತಗೆ ಕೇಳಿದಳು.

“ಯಾರು ಹೋದ್ರು ಮಗಾ?”

“ಏಸುಸ್ವಾಮಿ ಸತ್ತೋದ್ರು ಅಜ್ಜಿ.”

“ಅಯ್ಯೋ ಪಾಪ. ವಯಸ್ಸಾಗಿತ್ತಾ?”

“ಮೂವತ್ಮೂರು.”

ಸತ್ತವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರು ಅನ್ನ ಹೊರಬೇಕು. ಅದು ಅಜ್ಜಿ ಹುಟ್ಟಿದೂರಿನ ಕಟ್ಟಳೆ. ಒಂದು ತಪ್ಪಲೆ ಅನ್ನ, ಒಗ್ಗರಣೆ ಹಾಕದ ಬೇಳೆಸಾರು ಮಾಡಿ, ಸೆರಗು ಮುಚ್ಚಿಕೊಂಡು ಹೊರಟೇಬಿಟ್ಟಳು. ಚರ್ಚಿನ ಗುಡಿಯಿಂದ ಆಗತಾನೇ ಬಂದಿದ್ದ ಆರೋಗ್ಯಮ್ಮನ ಮುಂದೆ ತಪ್ಪಲೆ ಇಟ್ಟು, “ಚಿಕ್ಕ ವಯಸ್ಸಂತೆ ಕಣವ್ವಾ, ಏನ್ಮಾಡೋದು, ಅಳಬ್ಯಾಡ, ಒಂದು ತುತ್ತು ತಿನ್ನು” ಎಂದಳಂತೆ. ಆರೋಗ್ಯಮ್ಮ ಮೊದಲು ಕಣ್ಣು ಕಣ್ಣು ಬಿಟ್ಟಳು. ಆಮೇಲೆ ವಿಷಯ ತಿಳಿದು ನಗುವುದೋ ಅಳುವುದೋ ಗೊತ್ತಾಗದೆ, ಕೊನೆಗೆ ಅಜ್ಜಿಯ ಹೆಗಲ ಮೇಲೆ ತಲೆಯಿಟ್ಟು ಅತ್ತೇಬಿಟ್ಟಳು.

ಸತ್ತದ್ದು ನೆಂಟನಲ್ಲ ದೇವರು ಎಂದು ಅಪ್ಪ ಬಿಡಿಸಿ ಹೇಳಿ ಅಜ್ಜಿಯನ್ನು ಗೇಲಿ ಮಾಡಿದರು. ಅಜ್ಜಿ ಜಗ್ಗಲಿಲ್ಲ. “ದೇವರಾದ್ರೇನೋ? ಮನೇರು ಹಸ್ಕೊಂಡಿರೋದು ದಿಟ ತಾನೆ?”

“ಮೂರನೇ ದಿನಕ್ಕೆ ಎದ್ದು ಬರ್ತಾರಂತಮ್ಮ.”

“ಎದ್ದು ಬರೋದು ಭಾನುವಾರ. ಶುಕ್ರವಾರ ಹೊಟ್ಟೆಗೇನು ಮಾಡ್ತಾರೆ?”

ಅಲ್ಲಿಂದ ಮುಂದೆ ಪ್ರತಿ ದೊಡ್ಡ ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ, ಅವರ ಉಪವಾಸ ಮುಗಿಯುವ ಹೊತ್ತಿಗೆ, ಅಜ್ಜಿಯ ಅನ್ನ ಸಾರು ಆ ಮನೆಗೆ ಹೋಗುತ್ತಿತ್ತು. ಹಿತ್ತಿಲಲ್ಲಿ ನಮ್ಮ ತಿಗಣೆ ಬೇಟೆ ನಡೆದೇ ಇರುತ್ತಿತ್ತು, ಅಜ್ಜಿ ಮಾತ್ರ ಅದಕ್ಕೆ ಕೈ ಹಾಕುತ್ತಿರಲಿಲ್ಲ.

ಇನ್ನೊಂದು ವಿಷಯ ಹೇಳಿಬಿಡಬೇಕು. ನಮ್ಮ ತಾತ ತೀರಿಕೊಂಡದ್ದು ಯುದ್ಧದ ವರ್ಷಗಳಲ್ಲಿ, ಕ್ರಿಸ್ಮಸ್ ಹಿಂದಿನ ದಿನ. ಆರೋಗ್ಯಮ್ಮ ಬಿದಿರಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ಮಾಡಿದ್ದ ನಕ್ಷತ್ರವನ್ನು ಆಗಲೇ ಬಾಗಿಲಿಗೆ ತೂಗುಹಾಕಿದ್ದಳು. ನಮ್ಮ ಮನೆಯಿಂದ ಅಳು ಕೇಳಿಸಿದ ಕೂಡಲೆ ಅದನ್ನು ಇಳಿಸಿ ಒಳಗಿಟ್ಟಳು. ಹಾಡು ಹೇಳುತ್ತ ಬರುತ್ತಿದ್ದ ಅವರ ಗುಡಿಯ ಹುಡುಗರನ್ನು ಬೀದಿಯ ಕೊನೆಯಲ್ಲೇ ತಡೆದು ಬಾಯಿ ಮುಚ್ಚಿಸಿ ಕಳಿಸಿದಳು. ಆ ವರ್ಷ ಆ ಮನೆಯಲ್ಲಿ ಕ್ರಿಸ್ಮಸ್ಸೇ ಇಲ್ಲ. ಹೊಸ ಫ್ರಾಕು ಹಾಕಿಕೊಳ್ಳುವ ಹಾಗಿಲ್ಲ ಎಂದು ಫಿಲೋಮಿನ ಅತ್ತದ್ದು ನನಗೆ ಕೇಳಿಸಿತ್ತು. ಅಜ್ಜಿ ಅದನ್ನು ಮರೆಯಲಿಲ್ಲ.

ಈಗ ಯುದ್ಧ ಮುಗಿದ ಮಾರನೇ ವರ್ಷದ ಬೇಸಿಗೆಗೆ ಬರುತ್ತೇನೆ. ನನಗೆ ಹತ್ತು ವರ್ಷ. ನನ್ನಕ್ಕ ಸರೋಜಳಿಗೆ ಹತ್ತೊಂಬತ್ತು. ಅಂದಿನ ಲೆಕ್ಕಕ್ಕೆ ಅದು ಮೀರಿದ ವಯಸ್ಸು. ಎರಡು ಸಂಬಂಧ ಬಂದು ತಪ್ಪಿಹೋಗಿದ್ದವು. ಒಂದು, ಹುಡುಗಿ ಕಪ್ಪು ಎಂದು. ಇನ್ನೊಂದು, ಬೀಗರಿಗೆ ಕೊಟ್ಟ ಕಾಫಿ ಆರಿಹೋಗಿತ್ತು ಎಂದು. ನಗಬೇಡಿ, ಗಂಡಿನ ಕಡೆಯವರಿಗೆ ಮುನಿಸಿಕೊಳ್ಳಲು ಆಗ ಒಂದು ಲೋಟ ಕಾಫಿ ಧಾರಾಳವಾಗಿ ಸಾಕಾಗುತ್ತಿತ್ತು. ಅಮ್ಮ ಆಮೇಲೆ ತಿಂಗಳುಗಟ್ಟಲೆ ಕಾಫಿ ಕಾಸುವಾಗೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದಳು.

ಮೂರನೆಯದು ಬಳೇಪೇಟೆಯ ವೆಂಕಟಪ್ಪನವರ ಮಗ ರಾಮಚಂದ್ರ. ರೈಲ್ವೆಯಲ್ಲಿ ಕೆಲಸ. ಹೆಣ್ಣು ನೋಡಲು ಬಂದವನು ಹಾಡು ಹೇಳಿಸಲಿಲ್ಲ, ನಡೆದು ತೋರಿಸು ಎನ್ನಲಿಲ್ಲ. “ನನಗೆ ರೈಲ್ವೆಯೋರು ಕೊಟ್ಟಿರೋ ಮನೆ ರೈಲು ದಾರಿ ಪಕ್ಕಕ್ಕೇ ಬರುತ್ತೆ. ಸದ್ದು ಅಂದ್ರೆ ಭಯಾನಾ ನಿಮಗೆ?” ಎಂದು ಕೇಳಿದ. ಅಕ್ಕ ತಲೆ ಬಗ್ಗಿಸಿಕೊಂಡೇ “ಇಲ್ಲ” ಎಂದಳು. ಆಮೇಲೆ ಎರಡು ದಿನ ಅವಳು ಅಕ್ಕಿ ಆರಿಸುವಾಗ, ನೀರು ಸೇದುವಾಗ ಒಬ್ಬಳೇ ನಗುತ್ತಿದ್ದಳು. ಈ ಮದುವೆ ಅವಳಿಗೆ ಬೇಕಾಗಿತ್ತು. ಹತ್ತು ವರ್ಷದ ನನಗೂ ಅದು ಗೊತ್ತಾಗಿತ್ತು.

ನಿಶ್ಚಿತಾರ್ಥಕ್ಕೆ ದಿನ ಇಟ್ಟವರು ಅಪ್ಪ. ಚೈತ್ರದ ಹುಣ್ಣಿಮೆ ಕಳೆದು ಬರುವ ತದಿಗೆ ಶುಕ್ರವಾರ, ರಾಹುಕಾಲ ಮುಗಿದ ಮೇಲೆ, ಹನ್ನೆರಡು ದಾಟಿದ ಅಭಿಜಿನ್ ಲಗ್ನ. ಅಂದು ಗೋದಾಮಿಗೂ ರಜೆ, ರೈಲ್ವೆ ಕಚೇರಿಗೂ ರಜೆ. ಅಪ್ಪನಿಗೆ ತಮ್ಮ ಜಾಣತನದ ಬಗ್ಗೆ ಭಾರಿ ಹೆಮ್ಮೆ. ವೆಂಕಟಪ್ಪನವರದು ಒಂದೇ ಒಂದು ಕೋರಿಕೆ. ಬಳೇಪೇಟೆಯ ವಾದ್ಯದ ಅಂಗಡಿಗಳ ನಡುವೆ ಬೆಳೆದವರಾದ್ದರಿಂದ ವಾಲಗ ಚೆನ್ನಾಗಿರಬೇಕು. ಅಪ್ಪ ಹಲಸೂರಿನ ಒಳ್ಳೆಯ ವಾಲಗದವರಿಗೆ ವೀಳ್ಯ ಕೊಟ್ಟು ಒಪ್ಪಿಸಿ ಬಂದರು.

ಅಪ್ಪ ಕಚೇರಿಯ ಕ್ಯಾಲೆಂಡರ್ ನೋಡುವವರು, ಅಜ್ಜಿ ತಿಥಿ ಎಣಿಸುವವಳು. ದೊಡ್ಡ ಶುಕ್ರವಾರವೋ ವರ್ಷಕ್ಕೊಂದು ತಾರೀಖಿಗೆ ಬರುವಂಥದ್ದು. ಹಾಗಾಗಿ ಎರಡೂ ಒಂದೇ ದಿನ ಎಂದು ಅಜ್ಜಿಗೆ ಹೊಳೆದಿರಲಿಲ್ಲ. ಐದು ದಿನ ಮುಂಚೆ, ಭಾನುವಾರ, ಫಿಲೋಮಿನ ಗುಡಿಯಲ್ಲಿ ಕೊಟ್ಟ ತೆಂಗಿನ ಗರಿಯನ್ನು ಮಡಚಿ ಶಿಲುಬೆ ಮಾಡಿಕೊಂಡು ನಮ್ಮ ಮನೆಗೆ ಬಂದಳು.

“ಅಜ್ಜಿ, ಈ ಸಲ ಸಾರಿಗೆ ಸ್ವಲ್ಪ ಹುಣಸೆಹಣ್ಣು ಜಾಸ್ತಿ ಹಾಕಿ ಅಂತ ಅಮ್ಮ ಹೇಳಿದ್ರು.”

“ಯಾವಾಗಲೇ?”

“ಬರೋ ಶುಕ್ರವಾರ ಅಲ್ವಾ!”

ಅಜ್ಜಿ ಬೆರಳು ಮಡಚಿ ಎಣಿಸಿದಳು. ಇನ್ನೊಂದು ಸಲ ಎಣಿಸಿದಳು. ಆಮೇಲೆ ಅಪ್ಪನ ಹತ್ತಿರ ಹೋಗಿ ನಿಂತಳು.

“ಮುನಿಯಾ, ಶುಕ್ರವಾರ ವಾಲಗ ಬ್ಯಾಡ.”

“ಯಾಕಮ್ಮ?”

“ಪಕ್ಕದಾಗೆ ಸಾವಿಟ್ಕೊಂಡು ವಾಲಗ ಊದಿಸ್ತೀಯೇನೋ?”

ಅಪ್ಪ ಮೊದಲು ನಕ್ಕರು. ಅಜ್ಜಿ ನಗದಿದ್ದುದನ್ನು ಕಂಡು ರೇಗಿದರು. ದಿನ ಬದಲಾಯಿಸಲು ಸಾಧ್ಯವೇ ಇರಲಿಲ್ಲ. ಮದುವೆ ವೈಶಾಖದಲ್ಲೇ ಮುಗಿಯಬೇಕು. ಹುಡುಗ ಹುಡುಗಿ ಇಬ್ಬರೂ ಮನೆಗೆ ಮೊದಲ ಮಕ್ಕಳಾದ್ದರಿಂದ ಜ್ಯೇಷ್ಠದಲ್ಲಿ ಆಗದು, ಆಮೇಲೆ ಆಷಾಢ. ವಾಲಗ ಬಿಟ್ಟರೆ ಬೀಗರು ಸಂಬಂಧವನ್ನೇ ಬಿಡುತ್ತಾರೆ. ಅಮ್ಮ ಮಧ್ಯೆ ನಿಂತು ಅಳತೊಡಗಿದಳು. ಕಡೆಗೆ ಗೋಡೆಯ ಮೇಲಿನ ಸಂದಿನಿಂದ ಎಲ್ಲವನ್ನೂ ಕೇಳಿಸಿಕೊಂಡ ಆರೋಗ್ಯಮ್ಮ ತಾನೇ ಬಂದಳು.

“ಪೆರಿಯಮ್ಮಾ, ನನ್ನಿಂದ ಯಾಕೆ ಜಗಳ? ನಾವು ಶುಕ್ರವಾರ ಹನ್ನೊಂದಕ್ಕೇ ಕೋಯಿಲ್‌ಗೆ ಹೋಗ್ಬಿಡ್ತೀವಿ. ಮೂರಕ್ಕೇ ಬರೋದು. ನಮಗೆ ಏನೂ ಕೇಳ್ಸಲ್ಲ. ಹುಡುಗಿ ಕಲ್ಯಾಣ ಅಮ್ಮಾ, ಊದಿಸಿ.”

“ನೋಡಿದ್ಯಾ? ಅವರೇ ಬೇಡ ಅಂತಿಲ್ಲ” ಎಂದರು ಅಪ್ಪ.

“ಅವಳಿಗೆ ಕೇಳ್ಸಾಕಿಲ್ಲ, ನಂಗೆ ಕೇಳಿಸ್ತದಲ್ಲ” ಎಂದು ಅಜ್ಜಿ ಎದ್ದು ಹೋದಳು.

ಅಷ್ಟಕ್ಕೆ ಮುಗಿಯಿತು ಎಂದು ನಾವೆಲ್ಲ ಅಂದುಕೊಂಡೆವು. ಗುರುವಾರ ಮಧ್ಯಾಹ್ನ ಅಕ್ಕ ಹೂ ಕಟ್ಟುತ್ತ, ಯಾರೂ ಇಲ್ಲದ್ದು ನೋಡಿ, “ಲಲ್ತಾ, ವಾಲಗದಲ್ಲಿ ಏನಾದ್ರೂ ಎಡವಟ್ಟಾದ್ರೆ ಅವರು ಬೇಡ ಅಂದ್ಬಿಡ್ತಾರಾ?” ಎಂದು ಕೇಳಿದಳು. ನಾನು ದೊಡ್ಡವಳ ಹಾಗೆ “ಏನೂ ಆಗಲ್ಲ ಬಿಡಕ್ಕ” ಎಂದೆ.

ಶುಕ್ರವಾರ ಬೆಳಿಗ್ಗೆ ಬೇಳೆ ಬೇಯುವ, ಬೆಲ್ಲ ಕರಗುವ, ಏಲಕ್ಕಿ ಕುಟ್ಟಿದ ಪರಿಮಳ ವಠಾರವನ್ನೆಲ್ಲ ತುಂಬಿಕೊಂಡಿತ್ತು. ಸಕ್ಕರೆ ಸಿಗದ ಕಾಲ, ಬೆಲ್ಲದ ಒಬ್ಬಟ್ಟೇ ಗತಿ. ಸಿಗುತ್ತಿದ್ದರೂ ನಾವು ಅದನ್ನೇ ಮಾಡುತ್ತಿದ್ದೆವು ಎನ್ನಿ. ಹಸಿದಿರುವ ಪಕ್ಕದ ಮನೆಗೆ ಆ ವಾಸನೆ ಹೋಗುತ್ತದಲ್ಲ ಎಂದು ಅಜ್ಜಿ ಗೋಡೆಯ ಸಂದಿಗೆ ಹಳೇ ಗೋಣಿಚೀಲ ತುರುಕಿದಳು. ಹತ್ತು ಗಂಟೆಯಾಗಿರಬೇಕು, “ಬಾರೇ, ಬಾಳೆಎಲೆ ತರಾನ” ಎಂದು ನನ್ನ ಕೈ ಹಿಡಿದುಕೊಂಡು ಹೊರಟಳು. ಹೋಗಿ ನಿಂತದ್ದು ಬೀದಿಯ ತುದಿಯ ಅರಳಿಕಟ್ಟೆಯ ಹತ್ತಿರ. ಎಲೆ ಮಾರುವವನು ಅಲ್ಲಿರುವುದಿಲ್ಲ ಎಂದು ನನಗೆ ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ವಾಲಗದವರು ಬಂದರು. ಅಜ್ಜಿ ಮಡಿಲಿಂದ ತೆಂಗಿನಕಾಯಿ, ಎಲೆ ಅಡಿಕೆ ತೆಗೆದು ಅವರ ಹಿರಿಯನ ಕೈಗಿಟ್ಟಳು.

“ಇವತ್ತು ಬ್ಯಾಡ ಕಣಪ್ಪ. ಮದುವೆ ದಿನ ಬಾ.”

“ವೀಳ್ಯ ಹಿಡಿದ ಮೇಲೆ ಊದ್ದೆ ಹೋದ್ರೆ ನಮಗೆ ಕೆಟ್ಟ ಹೆಸರು ಅಜ್ಜಿ.”

“ಕೆಟ್ಟ ಹೆಸರು ನಂಗೆ ಬರ್ಲಿ. ನೀನು ಹೋಗು.”

ಅವನು ಅಜ್ಜಿಯ ಮುಖ ನೋಡಿದ, ಡೋಲಿನವನ ಕಡೆ ನೋಡಿದ, ತಲೆ ಕೆರೆದುಕೊಂಡು ಹಿಂತಿರುಗಿದ. ಅಜ್ಜಿ ನನ್ನ ಕಡೆ ತಿರುಗಿ, “ಬಾಯಿ ಬಿಟ್ಟೆಯೋ, ಸಿಗ್ದಾಕ್ತೀನಿ” ಎಂದಳು. ನಾನು ಬಾಯಿ ಬಿಡಲಿಲ್ಲ. ಆದರೆ ಮನೆಗೆ ಬಂದು, ಹಸಿರು ರೇಷ್ಮೆ ಸೀರೆಯಲ್ಲಿ ಕೂತಿದ್ದ ಅಕ್ಕನ ಮುಖ ಕಂಡಾಗ ಅವಳ ಹತ್ತಿರ ಹೋಗದೆ ಬಾಗಿಲ ಹಿಂದೆ ನಿಂತೆ. ಅವಳ ಮದುವೆ ಮುರಿಯುವುದನ್ನು ನಾನು ನಿಂತು ನೋಡಿ ಬಂದಿದ್ದೆ ಎಂದೇ ನನಗೆ ಅನ್ನಿಸಿತ್ತು.

ಬೀಗರು ಎರಡು ಜಟಕಾ ಗಾಡಿಗಳಲ್ಲಿ ಬಂದರು. ವೆಂಕಟಪ್ಪನವರು ಜರಿ ರುಮಾಲು, ಕಪ್ಪು ಕೋಟು. ಅವರ ಜೊತೆಗೆ ಅವರ ಅಕ್ಕ ನಂಜಮ್ಮನವರು. ಆ ಮನೆಯ ಯಜಮಾನಿಕೆ ಆಕೆಯದೇ ಎಂದು ಆಕೆ ಗಾಡಿ ಇಳಿದ ರೀತಿಯಲ್ಲೇ ತಿಳಿಯಿತು. ಅಮ್ಮ ಕಾಫಿಯನ್ನು ಹೊಗೆಯಾಡುತ್ತಿರುವಾಗಲೇ ಓಡಿ ತಂದು ಕೊಟ್ಟಳು. ಅಪ್ಪ ಬಾಗಿಲಿಗೂ ಒಳಗೂ ಹತ್ತು ಸಲ ಓಡಾಡಿದರು. ಹನ್ನೆರಡು ದಾಟಿತು. ಪುರೋಹಿತರು ಗಂಟಲು ಸರಿಮಾಡಿಕೊಂಡು “ರಾಹುಕಾಲ ಕಳೀತು” ಎಂದರು.

“ವಾಲಗದೋರೆಲ್ಲಿ ಮುನಿಯಪ್ಪನೋರೆ?” ಎಂದರು ವೆಂಕಟಪ್ಪನವರು.

“ದಾರೀಲಿದಾರೆ, ಈಗ ಬಂದ್ಬಿಡ್ತಾರೆ.”

ನಡುಮನೆಯ ಬಾಗಿಲಲ್ಲಿ ನಿಂತಿದ್ದ ಅಜ್ಜಿ ಮುಂದೆ ಬಂದಳು. “ಬರಾಕಿಲ್ಲ ಬೀಗರೆ. ನಾನೇ ವಾಪಸ್ ಕಳಿಸ್ದೆ. ಪಕ್ಕದ ಮನೇಲಿ ಸಾವಾಗೈತೆ.”

ಚಾಪೆಯ ಮೇಲೆ ಕೂತಿದ್ದ ಅಷ್ಟೂ ಜನ ಒಟ್ಟಿಗೇ ಎದ್ದರು. ನಂಜಮ್ಮನವರು ಸೆರಗನ್ನು ಮೂಗಿಗೆ ಹಿಡಿದುಕೊಂಡರು.

“ಗೋಡೆಗೆ ಗೋಡೆ! ಹೆಣ ಇಟ್ಕೊಂಡು ಶಾಸ್ತ್ರ ಮಾಡ್ತಿದ್ದೀರಾ? ಎತ್ತಿದಾರೋ ಇಲ್ಲವೋ?”

“ಹೆಣ ಇಲ್ಲಿಲ್ಲ ತಾಯಿ, ಅವರ ಗುಡೀಲೈತೆ. ಸಾಯಂಕಾಲ ಮೆರವಣಿಗೆ ಮಾಡ್ತಾರೆ.”

“ಗುಡೀಲಿ ಹೆಣಾನಾ? ಯಾರು ಸತ್ತದ್ದು?”

ಅಪ್ಪ “ಅಮ್ಮಾ, ಸುಮ್ಮನಿರು” ಎಂದು ಹಲ್ಲು ಕಚ್ಚಿ ಹೇಳಿದರು. ಅಜ್ಜಿ ಕೇಳಲಿಲ್ಲ.

“ಏಸುಸ್ವಾಮಿ.”

“ಯಾವ ಏಸುಸ್ವಾಮಿ?” ವೆಂಕಟಪ್ಪನವರು ಹುಬ್ಬು ಗಂಟಿಕ್ಕಿಕೊಂಡು, ತಮಗೆ ಗೊತ್ತಿರುವ ಏಸುಸ್ವಾಮಿಗಳನ್ನೆಲ್ಲ ಮನಸ್ಸಿನಲ್ಲೇ ಹುಡುಕುತ್ತಿದ್ದರು. ಅಷ್ಟರಲ್ಲಿ ಮೂಲೆಯಲ್ಲಿದ್ದ ರಾಮಚಂದ್ರನಿಗೆ ಹೊಳೆದು, ಅವನು ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡು ನಗತೊಡಗಿದ. “ಅಪ್ಪಾ, ಇವತ್ತು ಗುಡ್ ಫ್ರೈಡೆ” ಎಂದ.

ವೆಂಕಟಪ್ಪನವರ ಮುಖ ರುಮಾಲಿನ ಕೆಳಗೆ ಕೆಂಪಾಯಿತು. “ನಮ್ಮನ್ನ ಕರೆಸಿ ಆಟ ಆಡಿಸ್ತೀರಾ? ಎರಡು ಸಾವಿರ ವರ್ಷದ ಹಿಂದಿನ ಸಾವಿಗೆ ನನ್ನ ಮಗನ ವಾಲಗ ನಿಲ್ಸೋದಾ? ನಡೀರಿ ಎಲ್ಲಾ, ಗಾಡಿ ಕಟ್ಸಿ!”

ಒಳಗೆ ಅಕ್ಕನ ಬಳೆಗಳ ಸದ್ದಾಯಿತು. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅಪ್ಪ ಬೀಗರ ಕಾಲು ಹಿಡಿಯುವಂತೆ ಬಗ್ಗಿದರು. ನನಗೆ ಅಜ್ಜಿಯ ಮೇಲೆ ಎಂಥ ಸಿಟ್ಟು ಬಂತೆಂದರೆ, ಅವಳನ್ನು ತಳ್ಳಿಬಿಡಬೇಕು ಎನ್ನಿಸಿತು.

ಅಜ್ಜಿ ಮಾತ್ರ ದನಿಯೇರಿಸಲಿಲ್ಲ. “ಸಾವು ಹಳೇದೇ ಬೀಗರೆ, ನೀವು ಹೇಳೋದು ದಿಟ. ಆದ್ರೆ ಅಳೋಳು ಇವತ್ತು ಅಳ್ತಾವ್ಳೆ. ನೆನ್ನೆಯಿಂದ ಆಯಮ್ಮ ನೀರು ಕುಡ್ದಿಲ್ಲ. ನನ್ನ ಯಜಮಾನ್ರು ಹೋದ ದಿನ ಅವರ ದೊಡ್ಡ ಹಬ್ಬ. ಕಟ್ಟಿದ್ದ ಕಾಗದದ ಚುಕ್ಕಿ ಇಳಿಸಿ, ಹಾಡು ನಿಲ್ಸಿ, ಮಗೀಗೆ ಹೊಸ ಬಟ್ಟೆ ಇಕ್ಕಲಿಲ್ಲ. ನಂಗೆ ಯಾರೂ ಹೇಳಲಿಲ್ಲ, ಗೋಡೆ ಆಚೆಯಿಂದ ಆ ಮಗಾ ಅಳೋದು ಕೇಳಿಸ್ತು. ಇವತ್ತು ನಾನು ಅವಳ ಗೋಡೆ ಈಚೆ ವಾಲಗ ಊದಿಸಿದ್ರೆ ನನ್ನ ಬಾಯಿಗೆ ಅನ್ನ ಇಳೀತದಾ? ನಿಮಗೆ ಅವಮಾನ ಆಗಿದ್ರೆ ನನ್ನ ಬಯ್ಯಿ. ಹುಡುಗಿ ಏನೂ ಮಾಡಿಲ್ಲ.”

ವೆಂಕಟಪ್ಪನವರು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಾಗಿತ್ತು. ನಂಜಮ್ಮನವರು ಮೂಗಿನ ಮೇಲಿನ ಸೆರಗು ತೆಗೆದರು. ಅಜ್ಜಿಯನ್ನು ಅಡಿಯಿಂದ ಮುಡಿಯ ತನಕ ನೋಡಿದರು. ಆಮೇಲೆ ಮತ್ತೆ ಚಾಪೆಯ ಮೇಲೆ, ಇನ್ನು ಏಳುವುದಿಲ್ಲ ಎನ್ನುವ ಹಾಗೆ ಕೂತರು.

“ವೆಂಕಟ, ಬಾ ಕೂತ್ಕೋ.”

“ಅಕ್ಕಾ…”

“ಕೂತ್ಕೋ ಅಂದೆ. ನಾಳೆ ನಾನು ಹಾಸಿಗೆ ಹಿಡಿದ್ರೆ ವಾಲಗದೋರು ಬಂದು ನೋಡ್ಕೋತಾರಾ? ಪಕ್ಕದ ಮನೆ ದುಃಖಕ್ಕೆ ಹೀಗೆ ನಿಲ್ಲೋ ಮನೇಲಿ ಬೆಳೆದ ಹುಡುಗಿ, ನಮ್ಮನ್ನ ಬಿಡ್ತಾಳಾ? ಶಾಸ್ತ್ರಿಗಳೆ, ಲಗ್ನ ಮೀರೋಕೆ ಮುಂಚೆ ತಟ್ಟೆ ಬದಲಾಯ್ಸಿ.”

ಬಳೇಪೇಟೆಯಲ್ಲಿ ವೆಂಕಟಪ್ಪನವರ ಮಾತು ನಡೆಯುತ್ತಿತ್ತೇನೋ. ತಮ್ಮ ಅಕ್ಕನ ಎದುರು ನಡೆಯುತ್ತಿರಲಿಲ್ಲ. ಗೊಣಗುತ್ತಲೇ ಕೂತರು. ತಾಂಬೂಲದ ತಟ್ಟೆಗಳು ಕೈ ಬದಲಾದವು. ವಾಲಗವಿಲ್ಲ, ಹಾಡಿಲ್ಲ. ಪುರೋಹಿತರೂ ಯಾಕೋ ದನಿ ತಗ್ಗಿಸಿ ಲಗ್ನಪತ್ರಿಕೆ ಓದಿದರು. ಊಟಕ್ಕೆ ಕೂತಾಗಲೂ ಎಲ್ಲರೂ ಪಿಸುದನಿಯಲ್ಲೇ “ಇನ್ನೊಂದು ಒಬ್ಬಟ್ಟು ಹಾಕಿ”, “ತುಪ್ಪ ಈ ಕಡೆ” ಎನ್ನುತ್ತಿದ್ದರು. ಒಬ್ಬರು ಜೋರಾಗಿ ತೇಗಿದ್ದಕ್ಕೆ ನಂಜಮ್ಮನವರು ಗದರಿಸಿದರು. ರಾಮಚಂದ್ರನಿಗೆ ನಗು ತಡೆಯಲಾಗದೆ ಎರಡು ಸಲ ನೆತ್ತಿಗೆ ಹತ್ತಿತು. ಒಳಬಾಗಿಲಿನಿಂದ ಅದನ್ನು ನೋಡಿ ಅಕ್ಕನೂ ನಕ್ಕಳು. ಆಗ ನಾನೂ ಎಲೆಯ ಮುಂದೆ ಕೂತೆ. ನಾನು ನಾಲ್ಕು ಒಬ್ಬಟ್ಟು ತಿಂದೆ.

ಮೂರು ಗಂಟೆ ದಾಟಿದ ಮೇಲೆ ಆರೋಗ್ಯಮ್ಮ ಬರಿಗಾಲಿನಲ್ಲಿ ಬಿಸಿಲಲ್ಲಿ ಓಡಿ ಬಂದಳು. ಬೀದಿಯಲ್ಲಿ ಯಾರೋ, ಲಗ್ನದ ಹೊತ್ತಿಗೆ ವಾಲಗ ಕೇಳಿಸಲೇ ಇಲ್ಲ ಎಂದು ಅವಳಿಗೆ ಹೇಳಿದ್ದರು. ಅವಳಿಗೆ ಅದರ ಅರ್ಥ ಒಂದೇ. ಬಾಗಿಲಲ್ಲೇ ನಿಂತು ಎದೆಗೆ ಕೈ ಹಚ್ಚಿಕೊಂಡಳು.

“ಪೆರಿಯಮ್ಮಾ, ಮುರಿದು ಹೋಯ್ತಾ? ಹುಡುಗಿ ಸಂಬಂಧ ಮುರಿದು ಹೋಯ್ತಾ?”

“ಇಲ್ಲ ಕಣೇ, ಆಯ್ತು. ಸದ್ದಿಲ್ದೆ ಆಯ್ತು.”

ಆರೋಗ್ಯಮ್ಮ ಒಳಗಿದ್ದ ಹೊಸಬರನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಅವಳಿಗೆ ಎಲ್ಲವೂ ಅರ್ಥವಾಯಿತು. ಅಜ್ಜಿ ಅನ್ನದ ತಪ್ಪಲೆ ಎತ್ತಿಕೊಂಡಳು. ಸಾರಿನ ಪಾತ್ರೆಗೆ ನಾನು ಕೈ ಹಾಕುವಷ್ಟರಲ್ಲಿ ನಂಜಮ್ಮನವರು ಎದ್ದು ಬಂದು, “ಬಿಡು ಮಗು, ಚೆಲ್ಲಿಬಿಡ್ತೀಯ” ಎಂದು ತಾವೇ ಎತ್ತಿಕೊಂಡು ಅಜ್ಜಿಯ ಹಿಂದೆ ಪಕ್ಕದ ಮನೆಗೆ ಹೋದರು. ರೇಷ್ಮೆ ಸೀರೆ, ಮುತ್ತಿನ ಮೂಗುತಿ, ಕೈಯಲ್ಲಿ ಸಾವಿನ ಮನೆಯ ಸಾರು. ಅಪ್ಪ ಅದನ್ನು ಬಾಗಿಲಲ್ಲಿ ನಿಂತು ನೋಡಿದರು. ಮುಂದೆ ಅವರು ತಮ್ಮ ಗಾದೆಯನ್ನು ಹೇಳಿದ್ದು ನಾನು ಕೇಳಲಿಲ್ಲ. ರಜೆಗಳನ್ನು ಮಾತ್ರ ಬಿಡಲಿಲ್ಲ, ತಿಗಣೆ ಬೇಟೆ ಶನಿವಾರಕ್ಕೆ ಹೋಯಿತು.

ವೈಶಾಖದಲ್ಲಿ ಮದುವೆಯಾಯಿತು. ಆರೋಗ್ಯಮ್ಮ ಮಲ್ಲಿಗೆ ಮುಡಿದು ವಾಲಗದವರ ಪಕ್ಕದಲ್ಲೇ ನಿಂತಿದ್ದಳು. “ಜೋರಾ ಊದಪ್ಪಾ, ಆವತ್ತಿನ ಬಾಕೀನೂ ಸೇರಿಸಿ ಊದು” ಎಂದು ಅವರ ಪ್ರಾಣ ತಿನ್ನುತ್ತಿದ್ದಳು. ಸರೋಜಕ್ಕ ರೈಲಿನ ಸದ್ದಿನ ಪಕ್ಕದಲ್ಲಿ ಐವತ್ತು ವರ್ಷಕ್ಕೂ ಹೆಚ್ಚು ಸಂಸಾರ ಮಾಡಿದಳು. ನಂಜಮ್ಮನವರು ಹಾಸಿಗೆ ಹಿಡಿದಾಗ ಮೂರು ವರ್ಷ ಅವರ ಸೇವೆ ಮಾಡಿದವಳು ಅವಳೇ.

ಈಗ ಅವರು ಯಾರೂ ಇಲ್ಲ. ಫಿಲೋಮಿನ ಮದುವೆಯಾಗಿ ಕೋಲಾರದ ಗಣಿಯ ಕಡೆ ಹೋದಳು. ಕಾಗದಗಳು ಕಡಿಮೆಯಾಗಿ, ಆಮೇಲೆ ನಿಂತವು. ನಾನು ಹೊರಮಾವಿನ ಅಪಾರ್ಟ್‌ಮೆಂಟಿನಲ್ಲಿ ಮೊಮ್ಮಗಳ ಜೊತೆ ಇದ್ದೇನೆ. ಇಲ್ಲಿನ ಗೋಡೆಗಳು ಛಾವಣಿಯ ತನಕ ಏರಿವೆ. ಪಕ್ಕದವರು ಏನು ಹುರಿದರೂ ನನಗೆ ಸೀನು ಬರುವುದಿಲ್ಲ. ಅಪ್ಪ ಬಯಸಿದ ಹಾಗೆ ಇಂಗ್ಲಿಷರು ಹೋದರು, ರಜೆಗಳು ಉಳಿದವು. ಶುಕ್ರವಾರಕ್ಕೆ ಶನಿವಾರ ಭಾನುವಾರ ಸೇರಿದರೆ ಮೂರು ದಿನವೆಂದು ಮೊಮ್ಮಗಳು ಜನವರಿಯಲ್ಲೇ ಗುರುತು ಹಾಕಿಟ್ಟುಕೊಳ್ಳುತ್ತಾಳೆ.

ಹೋದ ವರ್ಷ ಆ ಶುಕ್ರವಾರ ಇಲ್ಲಿನ ಕ್ಲಬ್ ಹೌಸಿನಲ್ಲಿ ಬೇಸಿಗೆ ಮೇಳ ಇಟ್ಟಿದ್ದರು. ಮಧ್ಯಾಹ್ನ ಹನ್ನೆರಡಕ್ಕೇ ಸ್ಪೀಕರು, ಹಾಡು, ಮಕ್ಕಳ ಕುಣಿತ, ಚಾಟ್ ಅಂಗಡಿಗಳು. ಮೊಮ್ಮಗಳು ನನ್ನನ್ನೂ ಕರೆದುಕೊಂಡು ಹೋಗಿ ಮುಂದಿನ ಕುರ್ಚಿಯಲ್ಲಿ ಕೂರಿಸಿದಳು. ಇದನ್ನೆಲ್ಲ ಬಲ್ಲ ನಾನು, ಆ ಅಜ್ಜಿಯ ಮೊಮ್ಮಗಳು, ಮೂರು ಗಂಟೆ ಕೂತು ಚಪ್ಪಾಳೆ ತಟ್ಟಿದೆ. ಬಿಸಿ ಜಿಲೇಬಿ ತಿಂದೆ. ಒಂದು ಸಲವೂ ನೆನಪಾಗಲಿಲ್ಲ. ಮರಳುವಾಗ ಲಿಫ್ಟಿನಲ್ಲಿ ಬಿಳಿ ಸೀರೆಯುಟ್ಟ ಒಬ್ಬ ಹೆಂಗಸು ಬಂದು ಸೇರಿಕೊಂಡಳು. ಕಣ್ಣು ಊದಿತ್ತು, ಬಿಸಿಲಲ್ಲಿ ನಡೆದು ಬಂದಂತಿತ್ತು. ಎಲ್ಲರೂ ಎಲ್ಲರಿಗೂ ಹೇಳುತ್ತಿದ್ದರಲ್ಲ, ನಾನೂ ನಗುತ್ತ “ಹ್ಯಾಪಿ ಗುಡ್ ಫ್ರೈಡೆ ಅಮ್ಮ” ಎಂದೆ.

ಆಕೆ ನನ್ನನ್ನು ಒಂದು ಕ್ಷಣ ನೋಡಿದಳು. ಬೇಸರಿಸಿಕೊಳ್ಳಲಿಲ್ಲ. “ಥ್ಯಾಂಕ್ಯೂ ಆಂಟಿ” ಎಂದಳು. ಏಳನೇ ಮಹಡಿ ಬಂತು. ನಾನು ಇಳಿದೆ, ಆಕೆಯೂ ಇಳಿದಳು. ನಾಲ್ಕು ವರ್ಷದಿಂದ ನಾನಿರುವ ಮನೆಯ ಪಕ್ಕದ ಬಾಗಿಲಿಗೆ ಹೋಗಿ ಬೀಗ ತೆಗೆದಳು.